ಒಳ್ಳೆಯ ಕೆಲಸ ಜನರ ಕಣ್ಣಿಗೆ ಬೀಳಬೇಕಾದರೆ: ಸಣ್ಣ ಸಂಸ್ಥೆಗಳ ಆನ್‌ಲೈನ್ ಪ್ರಚಾರ, ತಪ್ಪು ಕಲ್ಪನೆ ಮತ್ತು ವಾಸ್ತವ

ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಸದ್ದಿಲ್ಲದೆ ಕೆಲಸ ಮಾಡುವ ಒಂದೆರಡು ಸಂಸ್ಥೆಗಳು ಸಿಗುತ್ತವೆ. ಒಂದೂರಿನಲ್ಲಿ ವಿಶೇಷ ಮಕ್ಕಳ ಶಾಲೆ, ಇನ್ನೊಂದೂರಿನಲ್ಲಿ ಕೆರೆ ಸಮಿತಿ, ಮತ್ತೊಂದರಲ್ಲಿ ದಿಕ್ಕಿಲ್ಲದ ವೃದ್ಧರನ್ನು ನೋಡಿಕೊಳ್ಳುವ ಮನೆ. ಸಂಬಳಕ್ಕೆ ಇಬ್ಬರೋ ಮೂವರೋ ಇರುತ್ತಾರೆ. ಉಳಿದವರು ತಮ್ಮ ತಮ್ಮ ಉದ್ಯೋಗ ಮುಗಿಸಿ ಸಂಜೆ ಬಂದು ಕೈಜೋಡಿಸುವವರು. ಆಡಳಿತ ಮಂಡಳಿಯ ಸಭೆಯಲ್ಲಿ ದೇಣಿಗೆಯ ಮಾತೆದ್ದಾಗ ಯಾರಾದರೊಬ್ಬರು ‘ನಾವೂ ಆನ್‌ಲೈನ್‌ನಲ್ಲಿ ಸ್ವಲ್ಪ ಪ್ರಚಾರ ಮಾಡಬೇಕು’ ಅನ್ನುತ್ತಾರೆ. ಎಲ್ಲರೂ ಹೌದೆನ್ನುತ್ತಾರೆ. ಹೇಗೆ ಎಂಬ ಪ್ರಶ್ನೆ ಬಂದಾಗ ಮಾತ್ರ ಅಲ್ಲಿ ಇಲ್ಲಿ ಕೇಳಿದ ನಂಬಿಕೆಗಳೇ ದಾರಿ ತೋರಿಸತೊಡಗುತ್ತವೆ. ಅವುಗಳಲ್ಲಿ ಬಹುಪಾಲು ದೊಡ್ಡ ಕಂಪನಿಗಳು ಸರಕು ಮಾರುವ ರೀತಿಯನ್ನು ನೋಡಿ ಹುಟ್ಟಿದವು. ಸಣ್ಣ ಸಂಸ್ಥೆಗೆ ಅವು ಹೊಂದುವುದಿಲ್ಲ, ಕೆಲವಂತೂ ಕಾನೂನಿನ ತೊಡಕಿಗೇ ಸಿಕ್ಕಿಸುತ್ತವೆ.

ಕೈಯಲ್ಲಿ ಹಣ ಕಡಿಮೆಯಿರುವ ಸಂಸ್ಥೆ ಲಕ್ಷಾಂತರ ಜನರ ಬೆನ್ನು ಹತ್ತಬೇಕಿಲ್ಲ. ತನ್ನ ನೆರವು ಬೇಕಾದವರಿಗೆ ಅದು ಸುಲಭವಾಗಿ ಸಿಗಬೇಕು, ಒಮ್ಮೆ ನಂಬಿದವರ ನಂಬಿಕೆ ಉಳಿಸಿಕೊಳ್ಳಬೇಕು. ಈ ಎರಡಕ್ಕೂ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ತಾಳ್ಮೆ ಮತ್ತು ಶಿಸ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಪ್ಪು ಕಲ್ಪನೆ: ಚೆಂದದ ವೆಬ್‌ಸೈಟ್ ಮಾಡಿಸಿದರೆ ಜನ ತಾವಾಗಿಯೇ ಬರುತ್ತಾರೆ

ವಾಸ್ತವ: ನಿಮ್ಮ ಸಂಸ್ಥೆಯ ಹೆಸರನ್ನು ಗೂಗಲ್‌ನಲ್ಲಿ ಹುಡುಕುವವರು ಈಗಾಗಲೇ ನಿಮ್ಮನ್ನು ಬಲ್ಲವರು. ಹೊಸಬರು ಹುಡುಕುವುದು ತಮ್ಮ ಕಷ್ಟವನ್ನು. ಮೂರು ವರ್ಷವಾದರೂ ಮಾತಾಡದ ಮಗುವಿನ ತಾಯಿ ರಾತ್ರಿ ಫೋನ್ ಹಿಡಿದು ‘ಮಗು ಮಾತಾಡ್ತಿಲ್ಲ ಏನು ಮಾಡಬೇಕು’ ಎಂದು ಕೇಳುತ್ತಾಳೆ. ಅದೇ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಇಂಥ ಮಕ್ಕಳಿಗಾಗಿ ದುಡಿಯುತ್ತಿರುವ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಇರುವುದೇನು? ಧ್ಯೇಯೋದ್ದೇಶಗಳು, ಅಧ್ಯಕ್ಷರ ಸಂದೇಶ, ದೀಪ ಬೆಳಗಿಸುವ ಚಿತ್ರಗಳು. ಆ ತಾಯಿಯ ಪ್ರಶ್ನೆಗೆ ಉತ್ತರವಾಗುವ ಒಂದು ಸಾಲೂ ಅಲ್ಲಿಲ್ಲದಿದ್ದರೆ ಗೂಗಲ್ ಆಕೆಯನ್ನು ಅಲ್ಲಿಗೆ ಕರೆತರುವುದಾದರೂ ಹೇಗೆ?

ಹಾಗಾಗಿ ನಿಮ್ಮ ಕಚೇರಿಯ ಫೋನ್‌ಗೆ ಬರುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅಂಗವೈಕಲ್ಯ ಕ್ಷೇತ್ರದಲ್ಲಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಎಲ್ಲಿ ಅರ್ಜಿ ಹಾಕಬೇಕು, ಯಾವ ದಾಖಲೆ ಬೇಕು, ವೈದ್ಯಕೀಯ ತಪಾಸಣೆ ಎಲ್ಲಿ ನಡೆಯುತ್ತದೆ ಎಂದು ಜನ ಮತ್ತೆ ಮತ್ತೆ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಬಹುಪಾಲು ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಇದು ನಿಮ್ಮ ಸಿಬ್ಬಂದಿಗೆ ಬಾಯಿಪಾಠ, ಆದರೆ ಹೊಸದಾಗಿ ಈ ದಾರಿಗೆ ಬಂದ ಕುಟುಂಬಕ್ಕೆ ಗೊತ್ತಿರುವುದಿಲ್ಲ. ಒಂದು ಪ್ರಶ್ನೆಗೆ ಒಂದು ಪುಟ, ಜನ ಕೇಳುವ ಮಾತಿನಲ್ಲೇ ಅದರ ಶೀರ್ಷಿಕೆ, ಕೊನೆಯಲ್ಲಿ ನಿಮ್ಮ ವಿಳಾಸ ಮತ್ತು ಫೋನ್ ನಂಬರ್. ತಿಂಗಳಿಗೆ ಎರಡು ಬರೆದರೂ ವರ್ಷಕ್ಕೆ ಇಪ್ಪತ್ತನಾಲ್ಕು ಪುಟಗಳಾಗುತ್ತವೆ.

ಇದು ಬರೀ ಊಹೆಯ ಮಾತಲ್ಲ. ಬೆಂಗಳೂರಿನ ಅರ್ಘ್ಯಂ ಪ್ರತಿಷ್ಠಾನ 2007ರಲ್ಲಿ ‘ಇಂಡಿಯಾ ವಾಟರ್ ಪೋರ್ಟಲ್’ ಆರಂಭಿಸಿದಾಗ ನೀರಿನ ಕುರಿತ ಜ್ಞಾನವನ್ನು ಎಲ್ಲರಿಗೂ ಮುಕ್ತವಾಗಿ ಒದಗಿಸುವುದೇ ಅದರ ಉದ್ದೇಶವಾಗಿತ್ತು. ನೀರಿನ ಬಗ್ಗೆ ತಿಳಿಯಬಯಸಿದವರು ಅದನ್ನು ಹುಡುಕಿಕೊಂಡು ಬಂದರು, ಆ ದಾರಿಯಲ್ಲಿ ಸಂಸ್ಥೆಯ ಪರಿಚಯವೂ ಆಯಿತು.

ಜನ ಏನು ಟೈಪ್ ಮಾಡಿ ನಿಮ್ಮ ಪುಟಕ್ಕೆ ಬಂದರು ಎಂಬುದನ್ನು ತೋರಿಸುವ ‘ಗೂಗಲ್ ಸರ್ಚ್ ಕನ್ಸೋಲ್’ ಪೂರ್ತಿ ಉಚಿತ. ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿ ಅದನ್ನು ಇಂದೇ ಜೋಡಿಸಿಕೊಳ್ಳಿ. ಹಾಗೆಯೇ ಜನ ಬಂದು ಹೋಗುವ ಜಾಗ ನಿಮ್ಮದಾಗಿದ್ದರೆ ಗೂಗಲ್ ಮ್ಯಾಪ್‌ನಲ್ಲಿ ಸಂಸ್ಥೆಯ ಹೆಸರು, ಸಮಯ, ಫೋನ್ ನಂಬರ್ ಸರಿಯಾಗಿದೆಯೇ ನೋಡಿ. ಅದಕ್ಕೂ ಕಾಸು ಕೊಡಬೇಕಿಲ್ಲ. ಸಣ್ಣ ಊರುಗಳಲ್ಲಿ ವೆಬ್‌ಸೈಟ್‌ಗಿಂತ ಮೊದಲು ಜನರ ಕಣ್ಣಿಗೆ ಬೀಳುವುದು ಈ ಮ್ಯಾಪ್‌ನ ಗುರುತೇ.

ತಪ್ಪು ಕಲ್ಪನೆ: ಕನ್ನಡದಲ್ಲಿ ಯಾರು ಹುಡುಕುತ್ತಾರೆ? ಇಂಗ್ಲಿಷ್‌ನಲ್ಲಿದ್ದರೆ ಸಾಕು

ವಾಸ್ತವ: 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರೇ ಸುಮಾರು 4.37 ಕೋಟಿ. ಇವರಲ್ಲಿ ಎಷ್ಟೋ ಮಂದಿ ಟೈಪ್ ಮಾಡದೆ ಫೋನ್‌ಗೆ ಬಾಯಲ್ಲೇ ಹೇಳಿ ಹುಡುಕುತ್ತಾರೆ; ಇನ್ನೆಷ್ಟೋ ಮಂದಿ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಇಂಗ್ಲಿಷ್‌ನಲ್ಲಿ ಯಾವುದೇ ಆರೋಗ್ಯ ಪ್ರಶ್ನೆಗೆ ದೊಡ್ಡ ದೊಡ್ಡ ಆಸ್ಪತ್ರೆಗಳ ಪುಟಗಳು ಸಾಲುಗಟ್ಟಿ ನಿಂತಿವೆ, ಅಲ್ಲಿ ಸಣ್ಣ ಸಂಸ್ಥೆಯ ಪುಟ ಮೇಲೆ ಬರುವುದು ಕಷ್ಟ. ಕನ್ನಡದಲ್ಲಿ ಎಷ್ಟೋ ವಿಷಯಗಳಿಗೆ ನೆಟ್ಟಗೆ ಬರೆದ ಒಂದು ಪುಟವೂ ಇಲ್ಲ. ಆ ಜಾಗ ಖಾಲಿಯಿದೆ. ನೀವು ಬರೆದರೆ ನೀವೇ ಮೊದಲಿಗರು.

ಇಲ್ಲಿ ಇನ್ನೊಂದು ಸಮಸ್ಯೆಯಿದೆ, ನನ್ನನ್ನು ತುಂಬ ಕಾಡುವಂಥದ್ದು. ‘ನಾವು ಕನ್ನಡದಲ್ಲೇ ಹಾಕಿದ್ದೇವಲ್ಲ’ ಎನ್ನುವ ಸಂಸ್ಥೆಗಳ ಕನ್ನಡವೂ ಅನೇಕ ಸಲ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕಾರಣ ಎರಡು. ಮೊದಲನೆಯದು, ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಕಡತಗಳು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಕಂಪ್ಯೂಟರ್‌ನಲ್ಲಿ ಕನ್ನಡವನ್ನು ಉಳಿಸಿ ಬೆಳೆಸಿದ ಮಹತ್ವದ ತಂತ್ರಾಂಶಗಳು, ಆ ಋಣ ದೊಡ್ಡದು. ಆದರೆ ಆ ಹಳೆಯ ಫಾಂಟ್‌ಗಳಲ್ಲಿ ಪರದೆಯ ಮೇಲೆ ಕಾಣುವುದು ಮಾತ್ರ ಕನ್ನಡ, ಒಳಗೆ ಉಳಿದಿರುವ ಸಂಕೇತಗಳು ಇಂಗ್ಲಿಷ್ ಅಕ್ಷರಗಳವು. ಗೂಗಲ್ ಓದುವುದು ಒಳಗಿನದನ್ನು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದೆ. ನುಡಿ ಮತ್ತು ಬರಹದ ನಂತರದ ಆವೃತ್ತಿಗಳಲ್ಲೂ ಯೂನಿಕೋಡ್ ಸೌಲಭ್ಯ ಬಂದಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ಒಬ್ಬರು ಕೂತು ಓದಬೇಕಾಗುತ್ತದೆ, ಅಷ್ಟೇ.

ಎರಡನೆಯದು ಪೋಸ್ಟರ್. ಆರೋಗ್ಯ ಶಿಬಿರದ ದಿನಾಂಕ, ಸ್ಥಳ, ಯಾರು ಬರಬಹುದು ಎಂಬುದೆಲ್ಲವೂ ಒಂದು ಚಿತ್ರದೊಳಗೆ ಅಡಗಿರುತ್ತದೆ. ವೆಬ್‌ಸೈಟ್‌ನಲ್ಲಾಗಲಿ ಫೇಸ್‌ಬುಕ್‌ನಲ್ಲಾಗಲಿ ಅದರ ಜೊತೆಗೆ ಎರಡು ಸಾಲು ಬರಹ ಇರುವುದಿಲ್ಲ. ಹೀಗೆ ಚಿತ್ರದೊಳಗೆ ಸೇರಿಕೊಂಡ ವಿವರ ಹುಡುಕುವವರ ಕೈಗೆ ಸಿಗುವುದು ತೀರ ಅಪರೂಪ. ಅದಕ್ಕಿಂತ ನೋವಿನ ಸಂಗತಿಯೆಂದರೆ ಕಣ್ಣು ಕಾಣದವರು ಫೋನ್ ಅಥವಾ ಕಂಪ್ಯೂಟರ್‌ನ ಓದುಗ ತಂತ್ರಾಂಶದ ಮೂಲಕ ಕೇಳುವಾಗ ಅಲ್ಲಿ ಬರೀ ‘ಚಿತ್ರ’ ಎಂದು ಕೇಳಿಸುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಹೇಳಬಲ್ಲದು, ಆದರೆ ಓದಲು ಅಕ್ಷರಗಳಿರಬೇಕು. ಅಂಧರಿಗಾಗಿಯೇ ನಡೆಯುವ ಕಾರ್ಯಕ್ರಮದ ಆಹ್ವಾನವನ್ನು ಅಂಧರೇ ಓದಲಾಗದಂತೆ ಹಂಚುವುದು ನಿಲ್ಲಬೇಕು. ಪೋಸ್ಟರ್ ಹಾಕಿ, ಕೆಳಗೆ ಅದೇ ವಿವರವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನೆರವು ಕೊಡುವ ಕಂಪನಿಯವರಿಗೆ, ಹೊರರಾಜ್ಯದ ದಾನಿಗಳಿಗೆ ಇಂಗ್ಲಿಷ್ ಪುಟಗಳಿರಲಿ. ನೆರವು ಪಡೆಯುವವರಿಗೆ ಕನ್ನಡದ ಪುಟಗಳು ಬೇಕೇ ಬೇಕು. ಒಂದರ ಯಂತ್ರಾನುವಾದವನ್ನು ಇನ್ನೊಂದಾಗಿ ಹಾಕಬೇಡಿ. ಔಷಧಿ, ಕಾನೂನು, ಅರ್ಜಿಯ ವಿಷಯದಲ್ಲಿ ಒಂದು ಪದ ತಪ್ಪಿದರೂ ಬಡ ಕುಟುಂಬವೊಂದು ಸುಮ್ಮನೆ ಅಲೆಯಬೇಕಾಗುತ್ತದೆ.

ತಪ್ಪು ಕಲ್ಪನೆ: ಒಂದು ವಿಡಿಯೊ ವೈರಲ್ ಆಗಿಬಿಟ್ಟರೆ ನಮ್ಮ ಕಷ್ಟ ತೀರಿತು

ವಾಸ್ತವ: 2014ರ ಬೇಸಿಗೆಯಲ್ಲಿ ಅಮೆರಿಕದಿಂದ ಹೊರಟ ‘ಐಸ್ ಬಕೆಟ್ ಚಾಲೆಂಜ್’ ಹಲವರಿಗೆ ನೆನಪಿರಬಹುದು. ತಲೆಯ ಮೇಲೆ ತಣ್ಣೀರು ಸುರಿದುಕೊಂಡ ಜನರ ವಿಡಿಯೊಗಳು ಜಗತ್ತೆಲ್ಲ ಹರಿದಾಡಿದವು. ಎಎಲ್‌ಎಸ್ ಎಂಬ ನರರೋಗಕ್ಕಾಗಿ ಕೆಲಸ ಮಾಡುವ ಅಲ್ಲಿನ ಸಂಸ್ಥೆಗೆ ಕೆಲವೇ ವಾರಗಳಲ್ಲಿ 11.5 ಕೋಟಿ ಡಾಲರ್ ಬಂತು. ಆ ಹಣದ ನೆರವಿನಿಂದ ನಡೆದ ಸಂಶೋಧನೆಯಲ್ಲಿ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಜೀನ್ 2016ರಲ್ಲಿ ಪತ್ತೆಯಾಯಿತು. ನಿಜಕ್ಕೂ ದೊಡ್ಡ ಫಲ. ಆದರೆ ಅದನ್ನು ಹುಟ್ಟುಹಾಕಿದ್ದು ಆ ಸಂಸ್ಥೆಯ ಪ್ರಚಾರ ವಿಭಾಗವಲ್ಲ; ಪೀಟ್ ಫ್ರೇಟ್ಸ್, ಪ್ಯಾಟ್ ಕ್ವಿನ್ ಎಂಬ ರೋಗಿಗಳು ಮತ್ತು ಅವರ ಗೆಳೆಯರು ಸೇರಿ ಅದನ್ನು ಹಬ್ಬಿಸಿದರು. ಮುಂದಿನ ವರ್ಷ ಸಂಸ್ಥೆಯೇ ಮತ್ತೆ ನಡೆಸಲು ಹೊರಟಾಗ ಫಲ ಅದರ ಹತ್ತಿರಕ್ಕೂ ಬರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಠಿಣವಾದದ್ದು. ಉಗಾಂಡಾದ ಬಂಡುಕೋರ ಜೋಸೆಫ್ ಕೋನಿಯನ್ನು ಹಿಡಿಸಬೇಕೆಂದು ‘ಇನ್ವಿಸಿಬಲ್ ಚಿಲ್ಡ್ರನ್’ ಸಂಸ್ಥೆ 2012ರ ಮಾರ್ಚ್‌ನಲ್ಲಿ ಹಾಕಿದ ವಿಡಿಯೊವನ್ನು ಆರೇ ದಿನಗಳಲ್ಲಿ 10 ಕೋಟಿ ಸಲ ನೋಡಲಾಯಿತು. ಜೊತೆಗೇ ಪ್ರಶ್ನೆಗಳ ಮಳೆಯೂ ಸುರಿಯಿತು: ಹಣ ಎಲ್ಲಿಗೆ ಹೋಗುತ್ತಿದೆ, ಉಗಾಂಡಾದ ಜನರ ಮಾತು ಎಲ್ಲಿದೆ, ವಿಷಯವನ್ನು ಇಷ್ಟು ಸರಳಗೊಳಿಸಿದ್ದೇಕೆ. ಏಪ್ರಿಲ್‌ನಲ್ಲಿ ಜನ ಬೀದಿಗಿಳಿಯಬೇಕೆಂದು ಕರೆ ಕೊಟ್ಟ ರಾತ್ರಿ ಬಂದವರು ಕೆಲವರೇ. 2014ರ ಕೊನೆಗೆ ಸಂಸ್ಥೆ ತನ್ನ ಬಹುಪಾಲು ಕೆಲಸವನ್ನು ಮೊಟಕುಗೊಳಿಸುವುದಾಗಿ ಹೇಳಿತು. ಕೋನಿ ಸಿಗಲಿಲ್ಲ.

ಒಂದೇ ದಿನ ಐನೂರು ಫೋನ್ ಕರೆ ಬಂದರೆ ನಿಮ್ಮ ಸಂಸ್ಥೆಯಲ್ಲಿ ಎತ್ತುವವರು ಯಾರು? ಈ ಪ್ರಶ್ನೆಗೆ ಉತ್ತರ ಇಲ್ಲದವರು ವೈರಲ್ ಆಗುವುದನ್ನು ಬಯಸಲೇಬಾರದು.

ತಪ್ಪು ಕಲ್ಪನೆ: ಗೂಗಲ್ ಎನ್‌ಜಿಒಗಳಿಗೆ ತಿಂಗಳಿಗೆ 10,000 ಡಾಲರ್ ಕೊಡುತ್ತದೆ, ಅದನ್ನು ತೆಗೆದುಕೊಂಡರಾಯಿತು

ವಾಸ್ತವ: ಅರ್ಧ ನಿಜ. ‘ಗೂಗಲ್ ಆ್ಯಡ್ ಗ್ರಾಂಟ್ಸ್’ 2003ರಿಂದ ಇದೆ, ಭಾರತದ ಸಂಸ್ಥೆಗಳಿಗೂ ಸಿಗುತ್ತದೆ. ಆದರೆ ಕೈಗೆ ಬರುವುದು ಹಣವಲ್ಲ, ತಿಂಗಳಿಗೆ ಅಷ್ಟು ಮೌಲ್ಯದವರೆಗಿನ ಜಾಹೀರಾತಿನ ಅವಕಾಶ. ಅದೂ ಗೂಗಲ್ ಹುಡುಕಾಟದ ಫಲಿತಾಂಶಗಳಲ್ಲಿ ಕಾಣುವ ಬರಹದ ಜಾಹೀರಾತುಗಳಿಗೆ. ಸರ್ಕಾರಿ ಸಂಸ್ಥೆಗಳು, ಆಸ್ಪತ್ರೆಗಳು, ಶಾಲಾ ಕಾಲೇಜುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ವಂತ ಡೊಮೈನ್‌ನಲ್ಲಿ ಸುರಕ್ಷಿತ ವೆಬ್‌ಸೈಟ್ ಇರಬೇಕು, ನೋಂದಣಿಯ ದಾಖಲೆಗಳ ಪರಿಶೀಲನೆಯಾಗಬೇಕು. ಸಿಕ್ಕ ಮೇಲೂ ನಿಯಮಗಳಿವೆ: ನೂರು ಸಲ ಜಾಹೀರಾತು ಕಂಡರೆ ಕನಿಷ್ಠ ಐದು ಸಲ ಜನ ಅದನ್ನು ಒತ್ತಬೇಕು, ಸತತ ಎರಡು ತಿಂಗಳು ಇದು ತಪ್ಪಿದರೆ ಖಾತೆ ನಿಲ್ಲಬಹುದು. ಸಾಮಾನ್ಯವಾಗಿ ಒಂಟಿ ಪದಗಳಿಗೆ ಜಾಹೀರಾತು ಕೊಡುವಂತಿಲ್ಲ.

ವೆಬ್‌ಸೈಟ್‌ನಲ್ಲಿ ನಾಲ್ಕೇ ಪುಟಗಳಿರುವ ಸಂಸ್ಥೆಗೆ ಈ ಮೊತ್ತದ ಸಣ್ಣ ಪಾಲನ್ನೂ ಬಳಸಲಾಗುವುದಿಲ್ಲ. ಮೇಲೆ ಹೇಳಿದ ಹಾಗೆ ಜನರ ಪ್ರಶ್ನೆಗಳಿಗೆ ಉತ್ತರಿಸುವ ಪುಟಗಳು ಮೊದಲು ಸಿದ್ಧವಾಗಲಿ, ಆಮೇಲೆ ಅರ್ಜಿ ಹಾಕಿ. ‘ನಿಮಗೆ ಗ್ರಾಂಟ್ ಕೊಡಿಸುತ್ತೇವೆ, ಮೊದಲು ಫೀಸು ಕಟ್ಟಿ’ ಎಂದು ಫೋನ್ ಮಾಡುವವರನ್ನು ದೂರವಿಡಿ. ಅರ್ಜಿ ಹಾಕುವುದಕ್ಕೆ ಶುಲ್ಕವಿಲ್ಲ. ಪೋಸ್ಟರ್ ಮಾಡುವ ಕ್ಯಾನ್ವಾದ ಪೂರ್ಣ ಆವೃತ್ತಿಯೂ ಅರ್ಹ ಸಂಸ್ಥೆಗಳಿಗೆ ಉಚಿತವಾಗಿ ಸಿಗುತ್ತದೆ.

ತಪ್ಪು ಕಲ್ಪನೆ: ಎಲ್ಲ ಸಾಮಾಜಿಕ ಜಾಲತಾಣಗಳಲ್ಲೂ ನಾವಿರಬೇಕು

ವಾಸ್ತವ: ಬೇಕಿಲ್ಲ. ಎರಡು ವರ್ಷದ ಹಿಂದಿನ ಯುಗಾದಿ ಶುಭಾಶಯವೇ ಕೊನೆಯ ಪೋಸ್ಟ್ ಆಗಿರುವ ಫೇಸ್‌ಬುಕ್ ಪುಟ ನೋಡಿದವರು ಸಂಸ್ಥೆಯೇ ಮುಚ್ಚಿಹೋಗಿದೆ ಅಂದುಕೊಳ್ಳುತ್ತಾರೆ. ನಿಮ್ಮವರು ಎಲ್ಲಿದ್ದಾರೋ ಆ ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಿ. ಉಳಿದ ಖಾತೆಗಳನ್ನು ಮುಚ್ಚಿ.

ತಪ್ಪು ಕಲ್ಪನೆ: ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆಲ್ಲ ಕಳಿಸಿದರೆ ಊರಿಗೆಲ್ಲ ತಲುಪಿದ ಹಾಗೆ

ವಾಸ್ತವ: ವಾಟ್ಸ್‌ಆ್ಯಪ್ ನಮ್ಮ ಸಂಸ್ಥೆಗಳಿಗೆ ಬಲು ಉಪಯುಕ್ತ, ಆದರೆ ಸಿಕ್ಕಸಿಕ್ಕ ಗ್ರೂಪ್‌ಗಳಿಗೆ ಫಾರ್ವರ್ಡ್ ಮಾಡುವುದರಿಂದ ಅಲ್ಲ. ಹಲವು ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ಮಿತಿ 2020ರಿಂದ ಇದೆ. ಜನರೂ ಗ್ರೂಪ್‌ಗಳನ್ನು ಮ್ಯೂಟ್ ಮಾಡಿಟ್ಟಿರುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಮೊದಲು ಕೇಳಿ: ‘ತಿಂಗಳಿಗೊಂದು ಸಂದೇಶ ಕಳಿಸುತ್ತೇವೆ, ನಮ್ಮ ನಂಬರ್ ಸೇವ್ ಮಾಡಿಕೊಳ್ಳುತ್ತೀರಾ?’ ಹೌದೆಂದ ಇನ್ನೂರು ಜನ ಕೇಳದೆ ಸೇರಿಸಿದ ಎರಡು ಸಾವಿರ ಜನರಿಗಿಂತ ಮೇಲು. ಕಳಿಸುವುದು ಶುಭಾಶಯವಾಗಿರದೆ ಸುದ್ದಿಯಾಗಿರಲಿ: ಕಳೆದ ತಿಂಗಳು ಏನಾಯಿತು, ನೀವು ಕೊಟ್ಟ ಹಣದಿಂದ ಏನು ಬಂತು, ಈಗ ಏನು ಬೇಕಾಗಿದೆ.

ದಾನಿಗಳ, ಸ್ವಯಂಸೇವಕರ ಹೆಸರು, ಫೋನ್, ಇಮೇಲ್ ಇರುವ ಪಟ್ಟಿ ನಿಮ್ಮ ಕೈಯಲ್ಲೇ ಇರಬೇಕು. ಫೇಸ್‌ಬುಕ್‌ನ ನಿಯಮ ನಾಳೆ ಬದಲಾಗಬಹುದು, ಖಾತೆ ಹ್ಯಾಕ್ ಆಗಬಹುದು. ನಿಮ್ಮ ಪಟ್ಟಿ ಮಾತ್ರ ನಿಮ್ಮದು. ಡೊಮೈನ್ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿ. ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟು, ನವೀಕರಣದ ಸೂಚನೆ ಅವನ ಹಳೆಯ ಇಮೇಲ್‌ಗೆ ಹೋಗಿ, ಅವಧಿ ಮುಗಿದ ಡೊಮೈನನ್ನು ಜೂಜಿನ ಕಂಪನಿಗಳು ಕೊಂಡುಕೊಂಡ ಪ್ರಸಂಗಗಳಿವೆ. ವರ್ಷಗಳ ಹೆಸರು ಒಂದು ಸಣ್ಣ ಮೊತ್ತ ಕಟ್ಟದೆ ಹೋಗಿಬಿಡುತ್ತದೆ. ಡೊಮೈನ್ ಸಂಸ್ಥೆಯ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿಯಿರಲಿ.

ತಪ್ಪು ಕಲ್ಪನೆ: ಅಳುವ ಮುಖ ತೋರಿಸಿದರೇ ಜನ ಕೊಡುವುದು

ವಾಸ್ತವ: ಈ ನಂಬಿಕೆಯ ಒಳಗೆ ಒಂದು ನಿಜವಿದೆ. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೀನ್, ಪಾಲ್ ಸ್ಲೊವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಓದಿದವರಿಗಿಂತ ಒಬ್ಬಳೇ ಹುಡುಗಿಯ ಕಥೆ ಓದಿದವರು ಎರಡು ಪಟ್ಟಿನಷ್ಟು ಹಣ ಕೊಟ್ಟರು. ಒಬ್ಬ ವ್ಯಕ್ತಿಯ ಕಥೆಗೆ ಜನ ಓಗೊಡುತ್ತಾರೆ. ಆದರೆ ಆ ವ್ಯಕ್ತಿಯನ್ನು ದೀನನಾಗಿ ನಿಲ್ಲಿಸಬೇಕೆಂದು ಅಲ್ಲೆಲ್ಲೂ ಇಲ್ಲ. ಹೊಲಿಗೆ ಕಲಿತ ಮಹಿಳೆ ತನ್ನ ಯಂತ್ರದ ಮುಂದೆ ಕೂತು ತನ್ನ ಮಾತಿನಲ್ಲೇ ಹೇಳುವ ಎರಡು ನಿಮಿಷ ಸಾಕು.

ಮಕ್ಕಳ ವಿಷಯದಲ್ಲಿ ಇದು ಬರೀ ಸಭ್ಯತೆಯ ಪ್ರಶ್ನೆಯಾಗಿ ಉಳಿದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಹೀಗೆ ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು, ಎಚ್‌ಐವಿ ಸೋಂಕಿತರ ಗುರುತು ಬಯಲು ಮಾಡುವುದಕ್ಕೂ ಕಾನೂನಿನ ತಡೆಯಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಬಾಲಮಂದಿರದ ಹುಟ್ಟುಹಬ್ಬದ ಊಟದ ಚಿತ್ರಗಳನ್ನು ದಾನಿಗಳು ತಮ್ಮ ಫೋನ್‌ನಿಂದಲೇ ಹಾಕಿಬಿಡುತ್ತಾರೆ. ಅದನ್ನು ಬಾಗಿಲಲ್ಲೇ ವಿನಯದಿಂದ ತಡೆಯುವುದು ಸಂಸ್ಥೆಯ ಹೊಣೆ.

ಕಾನೂನು ಏನೇ ಇರಲಿ, ಇಂದಿನ ಎಂಟು ವರ್ಷದ ಹುಡುಗ ನಾಳೆ ಕೆಲಸ ಹುಡುಕುವ ಯುವಕನಾಗುತ್ತಾನೆ. ಅವನ ಹೆಸರು ಹುಡುಕಿದಾಗ ‘ಅನಾಥ ಬಾಲಕನಿಗೆ ನೆರವಾಗಿ’ ಎಂಬ ಚಿತ್ರ ಮೊದಲು ಬರಬಾರದು. ವಯಸ್ಕರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ, ಚಿತ್ರ ಎಲ್ಲೆಲ್ಲಿ ಕಾಣುತ್ತದೆ ಎಂದು ತಿಳಿಸಿ, ಬೇಡವೆಂದ ದಿನ ತೆಗೆದುಹಾಕಿ. ನೆರವು ಪಡೆಯುವವರು ‘ಇಲ್ಲ’ ಎನ್ನಲು ಹಿಂಜರಿಯುತ್ತಾರೆಂಬುದು ನಮಗೆ ನೆನಪಿರಬೇಕು.

ತಪ್ಪು ಕಲ್ಪನೆ: ಕ್ಯೂಆರ್ ಕೋಡ್ ಹಾಕಿದರಾಯಿತು, ಯಾರು ಎಲ್ಲಿಂದ ಬೇಕಾದರೂ ಕೊಡಬಹುದು

ವಾಸ್ತವ: ಯುಪಿಐ ಸಣ್ಣ ಸಂಸ್ಥೆಗಳಿಗೆ ದೊಡ್ಡ ವರ. ನೂರು ರೂಪಾಯಿ ಕೊಡಬೇಕೆನ್ನುವವರಿಗೂ ದಾರಿಯಾಗಿದೆ. ಆದರೆ ಕೋಡ್ ಸಂಸ್ಥೆಯ ಬ್ಯಾಂಕ್ ಖಾತೆಗೆ ಸೇರಿದ್ದಾಗಿರಬೇಕು. ಹಣ ಕಳಿಸಲು ಹೊರಟವರಿಗೆ ಪರದೆಯ ಮೇಲೆ ಕಾರ್ಯದರ್ಶಿಯ ಸ್ವಂತ ಹೆಸರು ಕಂಡರೆ ಅಲ್ಲಿಗೇ ನಂಬಿಕೆ ಮುರಿಯುತ್ತದೆ, ಅವರ ಸಂಶಯ ತಪ್ಪೂ ಅಲ್ಲ.

ಹೊರದೇಶದ ಹಣದ ವಿಷಯವಂತೂ ಬಹಳ ಎಚ್ಚರ ಬೇಡುತ್ತದೆ. ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ತಮ್ಮೂರಿನ ಶಾಲೆಗೆ, ಆಶ್ರಮಕ್ಕೆ ಕೊಡಲು ಮುಂದೆ ಬರುತ್ತಾರೆ. ಅವರಲ್ಲಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ, ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ಬರುತ್ತದೆ. ಹುಟ್ಟೂರು ಧಾರವಾಡವೇ ಆಗಿರಲಿ, ಕಾನೂನು ನೋಡುವುದು ಪಾಸ್‌ಪೋರ್ಟನ್ನು. ಆ ಹಣ ಪಡೆಯಲು ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅದು ಸ್ಟೇಟ್ ಬ್ಯಾಂಕ್‌ನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಈ ನೋಂದಣಿ ಇಲ್ಲದ ಸಂಸ್ಥೆ ವೆಬ್‌ಸೈಟ್‌ನಲ್ಲಿ ಪಾವತಿ ವ್ಯವಸ್ಥೆ ಮಾಡುವಾಗ ವಿದೇಶಿ ಕಾರ್ಡ್‌ಗಳನ್ನು ತಡೆದಿಡಬೇಕು, ದಾನಿಯ ಪೌರತ್ವ ಕೇಳುವ ಒಂದು ಸಾಲನ್ನೂ ಸೇರಿಸಬೇಕು. ಗೊತ್ತಿಲ್ಲದೆ ಆದ ತಪ್ಪಿಗೂ ಉತ್ತರ ಕೊಡಬೇಕಾದವರು ಪದಾಧಿಕಾರಿಗಳೇ.

ತೆರಿಗೆ ವಿನಾಯಿತಿಯ ಬಗ್ಗೆಯೂ ದಾನಿಗೆ ಸರಿಯಾದ ಮಾತು ಹೇಳಿ. 80ಜಿ ಎಂದು ಎಲ್ಲರೂ ಕರೆಯುವ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಿಗುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಸಿಗುವುದಿಲ್ಲ. ದಾನಿಯ ಪ್ಯಾನ್ ಸಹಿತ ವಿವರವನ್ನು ಸಂಸ್ಥೆ ವರ್ಷಕ್ಕೊಮ್ಮೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಬರುವ ಪ್ರಮಾಣಪತ್ರವನ್ನು ದಾನಿಗೆ ತಲುಪಿಸಬೇಕು. ಇದನ್ನೆಲ್ಲ ವೆಬ್‌ಸೈಟ್‌ನ ದೇಣಿಗೆ ಪುಟದಲ್ಲೇ ಬರೆದಿಟ್ಟರೆ ಆಡಿಟರ್‌ಗೂ ನಿಮಗೂ ಅರ್ಧ ತಲೆನೋವು ಕಡಿಮೆ.

ತಪ್ಪು ಕಲ್ಪನೆ: ಲೆಕ್ಕಪತ್ರ ಬಹಿರಂಗ ಮಾಡಿದರೆ ಜನ ತಪ್ಪು ಹುಡುಕುತ್ತಾರೆ

ವಾಸ್ತವ: ಹುಡುಕಲಿ. ಆಡಿಟ್ ಆದ ಲೆಕ್ಕ, ವಾರ್ಷಿಕ ವರದಿ, ನೋಂದಣಿ ಸಂಖ್ಯೆ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ, ಟ್ರಸ್ಟಿಗಳ ಹೆಸರು ಒಂದೇ ಪುಟದಲ್ಲಿರಲಿ. ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಳ್ಳಬೇಕು; ಆ ಸಂಖ್ಯೆಯನ್ನೂ ಅಲ್ಲೇ ಹಾಕಿ. ವೆಬ್ ವಿಳಾಸ ‘ಡಾಟ್ ಆರ್ಗ್’ ಎಂದು ಮುಗಿದರೆ ಜನ ನಂಬುತ್ತಾರೆಂದು ಕೆಲವರು ತಿಳಿದಿದ್ದಾರೆ. ಅದನ್ನು ಯಾರು ಬೇಕಾದರೂ ಕೊಳ್ಳಬಹುದು, ಅದು ಯಾವುದಕ್ಕೂ ಪುರಾವೆಯಲ್ಲ. ಆಡಿಟರ್ ಸಹಿ ಹಾಕಿದ ಹಾಳೆ ಪುರಾವೆ.

ತಪ್ಪು ಕಲ್ಪನೆ: ವಿಕಿಪೀಡಿಯದಲ್ಲಿ ನಮ್ಮ ಮೇಲೊಂದು ಪುಟ ಬರೆಸಬೇಕು

ವಾಸ್ತವ: ತಮ್ಮ ಸಂಸ್ಥೆಯ ಬಗ್ಗೆ ತಾವೇ ಬರೆಯುವುದನ್ನು, ದುಡ್ಡು ಕೊಟ್ಟು ಗುಟ್ಟಾಗಿ ಬರೆಸುವುದನ್ನು ವಿಕಿಪೀಡಿಯ ಒಪ್ಪುವುದಿಲ್ಲ. ಸ್ವತಂತ್ರ ಪತ್ರಿಕಾ ವರದಿಗಳಿಲ್ಲದ ಪುಟ ಅಳಿಸಿಹೋಗುತ್ತದೆ. ಬದಲಿಗೆ ನಿಮ್ಮ ಕ್ಷೇತ್ರದ ಜ್ಞಾನವನ್ನು ಕೊಡಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಕೆರೆಗಳು, ಕಸುಬುಗಳು, ಕಾಯಿಲೆಗಳ ಬಗ್ಗೆ ಅಲ್ಲಿ ಬರೆಯಬೇಕಾದದ್ದು ಇನ್ನೂ ಬೆಟ್ಟದಷ್ಟಿದೆ. ನೀವು ತೆಗೆದ ಒಳ್ಳೆಯ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ.

‘ನಾವು ಕಷ್ಟಪಟ್ಟು ಮಾಡಿದ್ದನ್ನು ಇನ್ನೊಬ್ಬರು ಬಳಸಿಬಿಡುತ್ತಾರೆ’ ಎಂಬ ಅಂಜಿಕೆ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಕಥೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಿಕೊಳ್ಳಬಹುದು. ಪರವಾನಗಿಯ ಷರತ್ತಿನಂತೆ ಮೂಲದ ಹೆಸರೂ ಜೊತೆಗೇ ಹೋಗುತ್ತದೆ. ಬೇರೆಯವರು ಹಂಚಿದಷ್ಟೂ ಅದರ ಹೆಸರು ಬೆಳೆದಿದೆ.

ತಪ್ಪು ಕಲ್ಪನೆ: ಲೈಕ್ ಎಷ್ಟು ಬಂತು ಎಂಬುದೇ ಪ್ರಚಾರದ ಅಳತೆ

ವಾಸ್ತವ: ನಿಮ್ಮಲ್ಲಿಗೆ ಬಂದ ಪ್ರತಿ ಕುಟುಂಬದವರನ್ನು, ಪ್ರತಿ ದಾನಿಯನ್ನು ‘ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ರಿಜಿಸ್ಟರ್‌ನಲ್ಲಿ ಒಂದು ಕಾಲಂ ತುಂಬಿ. ಆರು ತಿಂಗಳಲ್ಲಿ ಯಾವ ಕೆಲಸ ಫಲ ಕೊಡುತ್ತಿದೆ, ಯಾವುದು ಸುಮ್ಮನೆ ಸಮಯ ತಿನ್ನುತ್ತಿದೆ ಎಂದು ಅದೇ ಹೇಳುತ್ತದೆ. ಕಳೆದ ವರ್ಷ ಕೊಟ್ಟವರಲ್ಲಿ ಎಷ್ಟು ಮಂದಿ ಈ ವರ್ಷವೂ ಕೊಟ್ಟರು ಎಂಬುದನ್ನು ಎಣಿಸಿ. ನನ್ನ ಮಟ್ಟಿಗೆ ಆ ಒಂದು ಸಂಖ್ಯೆ ಉಳಿದೆಲ್ಲಕ್ಕಿಂತ ಮುಖ್ಯ.

ಈ ಕೆಲಸಗಳಲ್ಲಿ ಬಹುಪಾಲಿಗೆ ಬೇಕಾದದ್ದು ಕನ್ನಡ ಬಲ್ಲ ಒಬ್ಬರ ವಾರದ ಕೆಲವು ಗಂಟೆಗಳು. ಸಂಸ್ಥೆಗಳ ಬಳಿ ಇಲ್ಲದಿರುವುದೂ ಅದೇ. ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ‘ದಾನ್ ಉತ್ಸವ’ ನಡೆಯುತ್ತದೆ; ಹಣದ ಜೊತೆಗೆ ಸಮಯವನ್ನೂ, ಕೌಶಲವನ್ನೂ ಕೊಡುವ ವಾರ ಅದು. ಅಲ್ಲಿಯವರೆಗೆ ಕಾಯಲೇಬೇಕೆಂದೂ ಇಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಬರುವ ಓದುಗರು, ನಿವೃತ್ತ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ನಿಮ್ಮೂರಿನ ಒಂದು ಸಂಸ್ಥೆಗೆ ಹೋಗಿ ಕೇಳಿ: ನಿಮ್ಮ ಹಳೆಯ ನುಡಿ ಕಡತಗಳು ಎಲ್ಲಿವೆ, ಜನ ನಿಮ್ಮನ್ನು ಹೆಚ್ಚಾಗಿ ಏನು ಕೇಳುತ್ತಾರೆ? ಮೊದಲ ಪುಟವನ್ನು ನೀವೇ ಬರೆದುಕೊಡಿ.